ನಲವತ್ತೊಂದನೇ ಜಾಯಿಂಟಿನ ಮೀಸೆಯವರು

ಫೆಬ್ರವರಿ 3, ಸೋಮವಾರ

ಹದಿನೆಂಟು ವರ್ಷದಿಂದ ನೀರು ಸರಬರಾಜು ಕಚೇರಿಯ ತಪಾಸಣೆ ಪುಸ್ತಕದಲ್ಲಿ ಸುಳ್ಳು ಬರೆಯುತ್ತಿದ್ದೇನೆ. ವರ್ಷಕ್ಕೆ ಎರಡರಂತೆ ಮೂವತ್ತಾರು ಸುಳ್ಳು. ಮೂವತ್ತಾರಕ್ಕೂ ನನ್ನ ಸಹಿ ಇದೆ. ಇದರಿಂದ ಇವತ್ತಿನವರೆಗೆ ಒಂದು ದಿನವೂ ನನ್ನ ನಿದ್ದೆ ಕೆಟ್ಟದ್ದಿಲ್ಲ. ಇವತ್ತು ರಾತ್ರಿ ಮಾತ್ರ ಮಲಗಲಾಗದೆ ಎದ್ದು ಕೂತಿದ್ದೇನೆ. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ. ಪೈಪು ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಅದಕ್ಕೇ ಹೇಳುತ್ತಿದ್ದೇನೆ.

ಜಲಾಶಯದಿಂದ ಊರಿನ ಶುದ್ಧೀಕರಣ ಘಟಕಕ್ಕೆ ಬರುವ ದೊಡ್ಡ ಕೊಳವೆಗೆ ಅರವತ್ತೆರಡು ಜಾಯಿಂಟುಗಳಿವೆ. ಆರು ತಿಂಗಳಿಗೊಮ್ಮೆ ಒಂದೊಂದನ್ನೂ ನೋಡಿ ಬರೆಯಬೇಕಾದ ಲೈನ್ ಇನ್‌ಸ್ಪೆಕ್ಟರ್ ನಾನು. ಅರವತ್ತೊಂದನ್ನು ಕೈಯಿಂದ ಮುಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಬರೆದವಳು ನಾನು; ಆ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ನಲವತ್ತೊಂದನೆಯದು ಕೊರಕಲಿನ ತಳದಲ್ಲಿದೆ. ಇಳಿಯಲು ದಾರಿಯಿಲ್ಲ, ಇರುವುದೆಲ್ಲ ಜಾರುವ ಕಲ್ಲು ಮತ್ತು ಮುಳ್ಳು. ನನಗೆ ಕೆಲಸ ಕಲಿಸಿದ ಹಳೆಯ ಇನ್‌ಸ್ಪೆಕ್ಟರ್ ಮೊದಲ ದಿನವೇ ಕಾಲುಸೇತುವೆಯ ಮೇಲೆ ನಿಲ್ಲಿಸಿ ಹೇಳಿದ್ದರು: “ನೋಡಮ್ಮ, ಕೆಳಗೆ ಕಾಣ್ತಲ್ಲ, ಅದೇ ನಲವತ್ತೊಂದು. ಇಲ್ಲಿಂದ ನೋಡಿದ್ರೆ ಸಾಕು. ‘ಸೋರಿಕೆ ಇಲ್ಲ, ಸುಸ್ಥಿತಿಯಲ್ಲಿದೆ’ ಅಂತ ಬರಿ. ನಾನೂ ಹಾಗೇ ಬರೆದೆ, ನನ್ಗಿಂತ ಮುಂಚಿನೋರೂ ಹಾಗೇ ಬರೆದ್ರು.” ಬೆರಳು ಗಾತ್ರದ ನೀರು ಸೋರುತ್ತಿರುವುದು ಸೇತುವೆಯ ಮೇಲಿಂದಲೇ ಚೆನ್ನಾಗಿ ಕಾಣುತ್ತಿತ್ತು.

ಇವತ್ತು ಸಾಹೇಬರ ಕೋಣೆಗೆ ಒಬ್ಬ ಹುಡುಗಿ ಬಂದಿದ್ದಳು. ಮೊಣಕಾಲಿನವರೆಗೆ ಗಂಬೂಟು, ಹೆಗಲಲ್ಲಿ ಬಲೆ, ಕೂದಲಲ್ಲೊಂದು ಒಣ ಎಲೆ. ಮೀನುಗಳ ಮೇಲೆ ಸಂಶೋಧನೆ ಮಾಡುತ್ತಾಳಂತೆ. ನಲವತ್ತು ವರ್ಷದ ಹಿಂದೆ ಜಲಾಶಯ ಕಟ್ಟಿ ಹಳ್ಳ ಬತ್ತಿದಾಗ ನಿರ್ನಾಮವಾಯಿತೆಂದುಕೊಂಡಿದ್ದ ಒಂದು ಮೀನಿನ ಜಾತಿ ಕೊರಕಲಿನ ತಳದ ಮಡುವಿನಲ್ಲಿ ಇನ್ನೂ ಬದುಕಿದೆಯಂತೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲವಂತೆ. “ಆ ಮಡುವಿಗೆ ನೀರು ಬರ್ತಿರೋದೇ ನಿಮ್ಮ ಪೈಪಿನ ಸೋರಿಕೆಯಿಂದ ಸರ್,” ಎಂದಳು.

ಸಾಹೇಬರು ನನ್ನ ಕಡೆ ತಿರುಗಿದರು. “ಸೋರ್ತಿದ್ಯಾ ಮೇಡಂ?”

“ಈಚೆಗೆ ಸ್ವಲ್ಪ ಇರಬಹುದು ಸರ್,” ಎಂದೆ. ಇದು ಮೂವತ್ತೇಳನೆಯದು.

ಫೆಬ್ರವರಿ 5, ಬುಧವಾರ

ಹದಿನೆಂಟು ವರ್ಷದಲ್ಲಿ ಮೊದಲ ಸಲ ನಲವತ್ತೊಂದಕ್ಕೆ ಇಳಿದೆ. ಇಳಿದೆ ಎನ್ನುವುದಕ್ಕಿಂತ ಜಾರಿದೆ ಎಂದರೆ ಸರಿ. ಜೊತೆಗೆ ಮೀನಿನ ಹುಡುಗಿ ಮತ್ತು ನಮ್ಮ ಫಿಟ್ಟರ್. ಫಿಟ್ಟರನಿಗೆ ಐವತ್ತಾಯಿತು, ಎಲ್ಲರೂ ಗ್ಯಾಸ್ಕೆಟ್ ಎಂದೇ ಕರೆಯುವುದು. ಜಾಯಿಂಟಿನೊಳಗೆ ಕೂರಿಸುವ ಆ ರಬ್ಬರಿನ ಹಾಗೇ ಯಾವ ಸಂದಿಯಲ್ಲಾದರೂ ಹೋಗಿ ಕೂತುಬಿಡುತ್ತಾನೆ.

“ಆಂಟಿ, ಕೈ ಕೊಡ್ಲಾ?” ಎಂದಳು ಹುಡುಗಿ. ಆಂಟಿಯಂತೆ! ಕಚೇರಿಯಲ್ಲಿ ಸಾಹೇಬರೇ ಮೇಡಂ ಎನ್ನುತ್ತಾರೆ. ಕೈ ಕೊಡದೆ ಇಳಿಯಲು ಹೋಗಿ ಕೂತಲ್ಲೇ ಹತ್ತಡಿ ಜಾರಿದೆ.

ಮೀನು ನೋಡಿದೆ. ಇದಕ್ಕೇನಾ ಇಷ್ಟು ರಂಪ? ಬೆರಳುದ್ದ, ಕೆಸರಿನ ಬಣ್ಣ, ಬಾಯಿಯ ಎರಡೂ ಪಕ್ಕ ಇಳಿಬಿದ್ದ ಮೀಸೆ. ಮೀಸೆ ಹೊತ್ತು ಕಲ್ಲಿನಡಿ ಕೂತು ನಮ್ಮನ್ನು ದಿಟ್ಟಿಸುತ್ತಿತ್ತು, ಕೆಲಸವಿಲ್ಲದ ಮುದುಕನ ಹಾಗೆ. ಹುಡುಗಿ ಹೇಳಿದ ಹೆಸರಿಗೆ ನನ್ನ ನಾಲಿಗೆ ತಿರುಗಲಿಲ್ಲ. “ಐವತ್ತೆಂಟಿವೆ ಆಂಟಿ. ಬರೀ ಐವತ್ತೆಂಟು,” ಎಂದು ಅವಳು ಪಿಸುಗುಟ್ಟಿದಳು, ಗಟ್ಟಿಯಾಗಿ ಹೇಳಿದರೆ ಕಡಿಮೆಯಾಗುತ್ತವೇನೋ ಎಂಬಂತೆ.

ಜಾಯಿಂಟನ್ನು ಹತ್ತಿರದಿಂದ ನೋಡಿದೆ. ಒಳಗಿನ ರಬ್ಬರು ಪೂರಾ ಹೋಗಿದೆ. ಮೇಲಿಂದ ಬೆರಳಿನಷ್ಟು ಕಾಣುತ್ತಿದ್ದ ಧಾರೆ ಈಗ ಮಣಿಕಟ್ಟಿನಷ್ಟಿದೆ. ಗ್ಯಾಸ್ಕೆಟ್ ಕೈಯಾಡಿಸಿ, “ಅಕ್ಕಾ, ಈ ವರ್ಷ ಹೇಗೋ ಕಳೀಬಹುದು. ಮುಂದಿನ ವರ್ಷ ಇದು ಕಿತ್ಕೊಂಡು ಹೋಗತ್ತೆ. ಊರಿಗೂ ನೀರಿಲ್ಲ, ಈ ಮೀನೂ ಕೊಚ್ಚಿಹೋಗತ್ತೆ,” ಎಂದ.

ಹಾಳು ಮೀನು. ಮಂಡಿ ನೋಯುತ್ತಿದೆ.

ಫೆಬ್ರವರಿ 11, ಮಂಗಳವಾರ

ಸಾಹೇಬರು ಚುರುಕು ಮನುಷ್ಯ, ವಯಸ್ಸು ಮೂವತ್ತೈದು. ಏನಿದ್ದರೂ ಕಾಗದದಲ್ಲಿರಬೇಕು, ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲನ್ನೂ ನಂಬುವುದಿಲ್ಲ. ಇವತ್ತಿನ ಸಭೆಯಲ್ಲಿ ನನ್ನ ತಪಾಸಣೆ ಪುಸ್ತಕ ತರಿಸಿ ಮೂವತ್ತಾರು ಬರಹಗಳನ್ನೂ ಗಟ್ಟಿಯಾಗಿ ಓದಿದರು. “ಸೋರಿಕೆ ಇಲ್ಲ, ಸುಸ್ಥಿತಿಯಲ್ಲಿದೆ. ಸೋರಿಕೆ ಇಲ್ಲ, ಸುಸ್ಥಿತಿಯಲ್ಲಿದೆ.” ಹತ್ತನೆಯದರ ಹೊತ್ತಿಗೆ ನನಗೇ ನಂಬಿಕೆ ಬರತೊಡಗಿತು.

“ನೋಡಿ,” ಎಂದರು ಹುಡುಗಿಗೆ, “ಕಳೆದ ಡಿಸೆಂಬರ್‌ವರೆಗೂ ಒಂದು ಹನಿ ಸೋರಿಲ್ಲ. ಎರಡು ತಿಂಗಳಿಂದ ಸೋರ್ತಿದೆ ಅಷ್ಟೇ. ನಿಮ್ಮ ಮೀನು ನಲವತ್ತು ವರ್ಷದಿಂದ ಇದೆ ಅಂತೀರಿ. ಅಂದ್ಮೇಲೆ ಆ ಮಡುವಲ್ಲಿ ಬೇರೆ ಒರತೆ ಇರ್ಲೇಬೇಕು. ನಾವು ಪೈಪು ಬದಲಾಯಿಸಿದ್ರೆ ಮೀನಿಗೇನೂ ಆಗಲ್ಲ. ಮಾರ್ಚ್ ಇಪ್ಪತ್ನಾಲ್ಕಕ್ಕೆ ಕೆಲಸ.”

“ಒರತೆ ಇಲ್ಲ ಸರ್!”

“ಪುಸ್ತಕದಲ್ಲಿ ಸೋರಿಕೆ ಇಲ್ಲ ಅಂತ ಇದೆಯಲ್ಲ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ. ನನಗೆ ಜೂನ್ ಮೂವತ್ತಕ್ಕೆ ನಿವೃತ್ತಿ. ಈಗ ಬಾಯಿಬಿಟ್ಟರೆ ಅಮಾನತು, ವಿಚಾರಣೆ, ಇಪ್ಪತ್ತೊಂಬತ್ತು ವರ್ಷದ ಕೆಲಸದ ಮೇಲೆ ಕಪ್ಪು ಚುಕ್ಕೆ. ಬೆರಳುದ್ದದ ಮೀನಿಗಾಗಿ ಯಾರು ಮಾಡುತ್ತಾರೆ? ನಾನಂತೂ ಮಾಡುವುದಿಲ್ಲ.

ಮನೆಗೆ ಬಂದರೆ ಅತ್ತೆಗೆ ಸುದ್ದಿ ಆಗಲೇ ಮುಟ್ಟಿತ್ತು. ನಮ್ಮದು ಊರಿನಲ್ಲೇ ಎತ್ತರದ ಬೀದಿ, ದಿನ ಬಿಟ್ಟು ದಿನ ಕಾಲು ಗಂಟೆ ನೀರು ಬಂದರೆ ಹೆಚ್ಚು. “ನೀರಿನ ಆಫೀಸಿನ ಸೊಸೆ ಇದ್ರೂ ನಮ್ಮನೆ ನಲ್ಲಿ ಬರೀ ಕೆಮ್ಮತ್ತೆ ಅಂತ ಬೀದಿಯೆಲ್ಲಾ ಆಡ್ಕೊಳತ್ತೆ. ಅಂತೂ ರಿಪೇರಿ ಮಾಡ್ತೀರಂತಲ್ಲ!” ಎಂದು ಅವರೇ ಚಹಾ ಮಾಡಿ ಕೊಟ್ಟರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಇದು ಮೂರನೇ ಸಲ. ನಮ್ಮ ಯಜಮಾನರು ದೂರದ ಊರಿಗೆ ಹೋಗುವ ಬಸ್ಸಿನ ಡ್ರೈವರ್. ಅವರು ಮನೆಯಲ್ಲಿದ್ದಾಗ ಮಲಗಿರುತ್ತಾರೆ, ಹಾಗಾಗಿ ಈ ಮನೆಯ ವ್ಯವಹಾರವೆಲ್ಲ ನನ್ನ ಮತ್ತು ಅತ್ತೆಯ ನಡುವಿನದು.

ಫೆಬ್ರವರಿ 14, ಶುಕ್ರವಾರ

ಒರತೆ ಇದ್ದರೂ ಇರಬಹುದಲ್ಲ? ಇದ್ದರೆ ನಾನು ಆರಾಮ. ಅದನ್ನು ನೋಡಿಯೇಬಿಡೋಣ ಎಂದು ಗ್ಯಾಸ್ಕೆಟ್‌ನನ್ನು ಕರೆದುಕೊಂಡು ಹೋದೆ. ಅವನು ಲಾರಿ ಟ್ಯೂಬಿನ ಪಟ್ಟಿಯನ್ನು ಜಾಯಿಂಟಿಗೆ ಬಿಗಿಯಾಗಿ ಸುತ್ತಿ ಸೋರಿಕೆ ನಿಲ್ಲಿಸಿದ. ಒಂದು ಕೋಲಿಗೆ ಗುರುತು ಮಾಡಿ ಮಡುವಿನಲ್ಲಿ ನೆಟ್ಟು ದಂಡೆಯ ಮೇಲೆ ಕೂತೆವು.

ಎರಡು ಗಂಟೆಯಲ್ಲಿ ನಾಲ್ಕು ಬೆರಳು ಇಳಿಯಿತು. ಒರತೆಯೂ ಇಲ್ಲ, ಮಣ್ಣೂ ಇಲ್ಲ. ಆಳವಿಲ್ಲದ ಕಡೆ ಇದ್ದ ಮೀಸೆಗಳೆಲ್ಲ ಗುಂಪುಗುಂಪಾಗಿ ಜಾಯಿಂಟಿನ ಕೆಳಗೆ ಬಂದು ಮುಖ ಮೇಲೆತ್ತಿಕೊಂಡು ನಿಂತವು, ಥೇಟು ನಮ್ಮ ಬೀದಿಯವರು ನಲ್ಲಿಯ ಮುಂದೆ ಬಕೆಟ್ ಹಿಡಿದು ನಿಲ್ಲುವ ಹಾಗೆ.

“ಅಕ್ಕಾ, ಬಿಚ್ಲಾ?” ಎಂದ ಗ್ಯಾಸ್ಕೆಟ್.

“ಬೇಗ ಬಿಚ್ಚೋ ಮಾರಾಯ!” ಎಂದು ಕಿರುಚಿದೆ. ಯಾಕೆ ಕಿರುಚಿದೆನೋ.

ಫೆಬ್ರವರಿ 20, ಗುರುವಾರ

ಒಂದು ಉಪಾಯ ಹೊಳೆದಿದೆ. ಎಲ್ಲ ಮೀಸೆಗಳನ್ನೂ ಹಿಡಿದು ಊರಿನ ಉದ್ಯಾನದ ತೊಟ್ಟಿಗೆ ಬಿಟ್ಟರಾಯಿತು! ಪೈಪೂ ರಿಪೇರಿ, ಮೀನೂ ಕ್ಷೇಮ, ನನ್ನ ಮೂವತ್ತೇಳೂ ಭದ್ರ. ಇಷ್ಟು ಸುಲಭದ್ದು ಆ ಓದಿದ ಹುಡುಗಿಗೆ ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ಮೊದಲು ಪರೀಕ್ಷೆಗೆ ಎರಡನ್ನು ಊಟದ ಡಬ್ಬಿಯಲ್ಲಿ ಮನೆಗೆ ತಂದು, ನಲ್ಲಿ ನೀರು ತುಂಬಿದ ಬಟ್ಟೆ ಒಗೆಯುವ ಟಬ್ಬಿಗೆ ಬಿಟ್ಟಿದ್ದೇನೆ. ಚೆನ್ನಾಗಿಯೇ ಓಡಾಡುತ್ತಿವೆ. ಅತ್ತೆ ಟಬ್ಬಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, “ಇದ್ರ ಮೀಸೆ ನಮ್ಮ ಮಾವನೋರ ಮೀಸೆ ಹಾಗೇ ಇದೆ ಕಣೇ,” ಎಂದರು.

ಫೆಬ್ರವರಿ 21, ಶುಕ್ರವಾರ

ಬೆಳಿಗ್ಗೆ ಒಂದು ಸತ್ತು ತೇಲುತ್ತಿತ್ತು. ಇನ್ನೊಂದು ಓರೆಯಾಗಿ ಬಾಯಿ ಬಿಡುತ್ತಿತ್ತು.

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 22, ಶನಿವಾರ

ನಿನ್ನೆಯದು ಬರೆದುಬಿಡುತ್ತೇನೆ. ಕ್ಲೋರಿನ್. ಊರಿಗೆ ಬಿಡುವ ನೀರಿಗೆ ಕ್ಲೋರಿನ್ ಹಾಕುತ್ತಾರೆಂದು ಇಪ್ಪತ್ತೊಂಬತ್ತು ವರ್ಷದಿಂದ ಗೊತ್ತಿರುವವಳು ನಾನು. ಕೊರಕಲಿನ ಕೊಳವೆಯಲ್ಲಿ ಹರಿಯುವುದು ಶುದ್ಧೀಕರಣಕ್ಕೆ ಮುಂಚಿನ ನೀರು, ನಲ್ಲಿಯಲ್ಲಿ ಬರುವುದು ಆಮೇಲಿನದು. ಉದ್ಯಾನದ ತೊಟ್ಟಿಗೂ ಇದೇ ನೀರು. ತಲೆಯಲ್ಲಿ ಏನು ತುಂಬಿಕೊಂಡಿದ್ದೆನೋ!

ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ಹಾಕಿ, ಎದೆಗವಚಿಕೊಂಡು, ಆಟೋ ಹಿಡಿದು ಕೊರಕಲಿಗೆ ಓಡಿದೆ. ಡ್ರೈವರ್ “ಏನಕ್ಕಾ ಔಷಧಿನಾ?” ಎಂದ. ಹೌದೆಂದೆ. ಇಳಿಜಾರಿನಲ್ಲಿ ಎರಡು ಸಲ ಬಿದ್ದರೂ ಬಾಟಲಿ ಬಿಡಲಿಲ್ಲ. ಮಡುವಿಗೆ ಬಿಟ್ಟಾಗ ತುಂಬಾ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಮೀಸೆ ಅಲುಗಿತು, ಕಲ್ಲಿನಡಿ ನುಗ್ಗಿತು. ನಾನು ದಂಡೆಯಲ್ಲಿ ಕೂತು ಅತ್ತುಬಿಟ್ಟೆ. ಮೊಣಕೈ ತರಚಿತ್ತಲ್ಲ, ಅದರ ಉರಿಗೆ.

ಸತ್ತದ್ದನ್ನು ಅತ್ತೆ ಕಾಗದದಲ್ಲಿ ಸುತ್ತಿ ಹೂವಿನ ಕುಂಡದಲ್ಲಿ ಹೂತಿದ್ದರು. “ನಾವು ಕುಡಿಯೋ ನೀರಲ್ಲಿ ಮೀನು ಬದುಕಲ್ಲ ಅಂದ್ರೆ ನಾನು ಎಂಬತ್ತು ವರ್ಷ ಹೇಗೇ ಬದುಕಿದೀನಿ?” ಎಂದು ಕೇಳಿದರು. ನಾನು ಟಬ್ಬಿನ ನೀರು ಚೆಲ್ಲಿದೆ.

ಈಗ ಐವತ್ತೇಳು. ಹುಡುಗಿಗೆ ಹೇಳಿಲ್ಲ.

ಮಾರ್ಚ್ 3, ಸೋಮವಾರ

ಇದಕ್ಕಿಂತ ಚೆಂದದ ಉಪಾಯ ಇನ್ನಿಲ್ಲ. ಸಾಹೇಬರಿಗೆ ಕಾಗದ ಬೇಕು ತಾನೇ? ಕಾಗದವೇ ಕೊಟ್ಟರಾಯಿತು. ಹೆಸರಿಲ್ಲದ ಕಾಗದ. ಎಡಗೈಯಲ್ಲಿ ಬರೆದ ಮೂಕರ್ಜಿ:

“ಮಾನ್ಯರೇ, ನಲವತ್ತೊಂದನೇ ಜಾಯಿಂಟು ಕೊಳವೆ ಹಾಕಿದ ದಿನದಿಂದಲೂ ಸೋರುತ್ತಿದೆ. ಪುಸ್ತಕದಲ್ಲಿ ಬರೆದಿರುವುದೆಲ್ಲ ಸುಳ್ಳು. ಇನ್‌ಸ್ಪೆಕ್ಟರಮ್ಮ ಸೇತುವೆ ಮೇಲಿಂದ ನೋಡಿ ಬರೆಯುತ್ತಾರೆ. ಅವರಿಗೆ ಸೋಮಾರಿತನ ಮತ್ತು ಜಂಬ. ಇಂತಿ, ನೊಂದ ನಾಗರಿಕ.”

ಸೋಮಾರಿತನ, ಜಂಬ ಬೇಕಿರಲಿಲ್ಲ. ಆದರೆ ಬೈಗುಳವಿಲ್ಲದ ಮೂಕರ್ಜಿಯನ್ನು ಯಾರು ನಂಬುತ್ತಾರೆ? ಯಾರು ಬರೆದರೆಂದು ತಿಳಿಯದಿದ್ದರೆ ಸಾಬೀತು ಮಾಡುವುದೂ ಕಷ್ಟ. ಸಾಹೇಬರಿಗೆ ಅನುಮಾನ ಬಂದು ಕೆಲಸ ಮುಂದೆ ಹೋದರೆ ನನಗಷ್ಟೇ ಸಾಕು. ಮೂರು ಬೀದಿ ದಾಟಿ ಹೋಗಿ ಅಂಚೆ ಡಬ್ಬಿಗೆ ಹಾಕಿ, ಶಿಳ್ಳೆ ಹಾಕುತ್ತಾ ಬಂದೆ.

ಮಾರ್ಚ್ 6, ಗುರುವಾರ

ಸಾಹೇಬರು ಕರೆದರು. ಮೇಜಿನ ಮೇಲೆ ನನ್ನ ಕಾಗದ.

“ನೋಡಿ ಮೇಡಂ, ನಿಮ್ಮ ಮೇಲೆ ಯಾರೋ ಮೂಕರ್ಜಿ ಹಾಕಿದ್ದಾರೆ. ಎಂಥಾ ಕೆಟ್ಟ ಅಕ್ಷರ! ನನಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ. ಆದ್ರೆ ಕಾಗದ ಅಂತ ಬಂದ್ಮೇಲೆ ತನಿಖೆ ಆಗ್ಬೇಕು. ಆ ಲೈನಿನ ವಿಷಯ ನಿಮ್ಮಷ್ಟು ಇನ್ನಾರಿಗೂ ಗೊತ್ತಿಲ್ಲ. ನೀವೇ ತನಿಖೆ ಮಾಡಿ ಸೋಮವಾರ ವರದಿ ಕೊಟ್ಬಿಡಿ.”

“ನಾನಾ ಸರ್? ನನ್ನ ಮೇಲಿನ ದೂರಿಗೆ?”

“ಯಾರನ್ನೂ ಬಿಡ್ಬೇಡಿ. ಈ ಕಾಗದ ಬರೆದೋರು ಯಾರು ಅಂತಾನೂ ಪತ್ತೆ ಮಾಡಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಗ್ಯಾಸ್ಕೆಟ್ ಓಡಿಬಂದು “ಅಕ್ಕಾ, ಹುಷಾರಿಲ್ವಾ?” ಎಂದ. ನಗು ನಿಂತ ಮೇಲೆ ತನಿಖೆಯ ನಮೂನೆಯನ್ನೂ ಮೂಕರ್ಜಿಯನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಮಾರ್ಚ್ 9, ಭಾನುವಾರ

“ದೂರಿನಲ್ಲಿ ಹುರುಳಿಲ್ಲ” ಎಂದು ಎರಡು ಸಲ ಬರೆದೆ. ಎರಡನ್ನೂ ಹರಿದೆ. ಎಷ್ಟು ಸಲೀಸಾಗಿ ಬರುತ್ತಿದ್ದ ಮಾತು, ಈಗ ಪೆನ್ನು ಮುಂದೆ ಹೋಗುವುದಿಲ್ಲ. ಬರೆಯಲು ಕೂತಾಗಲೆಲ್ಲ ಟಬ್ಬಿನಲ್ಲಿ ತೇಲುತ್ತಿದ್ದದ್ದು ಕಣ್ಣ ಮುಂದೆ ಬರುತ್ತದೆ.

ಹರಿದ ಚೂರುಗಳನ್ನು ಅತ್ತೆ ಜೋಡಿಸಿ ಓದಿದ್ದಾರೆ! ಜೊತೆಗೆ ಡ್ರಾಯರಿನಲ್ಲಿದ್ದ ಮೂಕರ್ಜಿಯನ್ನೂ. “ಇದು ನಿನ್ನ ಎಡಗೈದೇ. ಕೈ ಮುರ್ಕೊಂಡಾಗ ಮೂರು ತಿಂಗಳು ಸಾಮಾನಿನ ಪಟ್ಟಿ ಹೀಗೇ ಬರ್ಕೊಟ್ಟಿದ್ದೆ ನೀನು,” ಎಂದರು. ಇನ್ನೇನು ಉಳಿಯಿತು? ಎಲ್ಲ ಹೇಳಿಬಿಟ್ಟೆ. ಮೂವತ್ತಾರೂ, ಮೂವತ್ತೇಳನೆಯದೂ.

ಅತ್ತೆ ಚೂರುಗಳನ್ನು ಒಟ್ಟುಮಾಡಿ ಮಡಚಿಟ್ಟರು. ಆಮೇಲೆ ಉರಿದುಬಿದ್ದರು. “ಹಾಗಾದ್ರೆ ಹದಿನೆಂಟು ವರ್ಷ ನಾನು ಬೆಳಗಿನ ಜಾವ ಎದ್ದು ಖಾಲಿ ಬಕೆಟ್ ಮುಂದೆ ಕೂತದ್ದು ನಿನ್ನ ಸೋಮಾರಿತನಕ್ಕಾ?”

“ಅದೊಂದೇ ಕಾರಣ ಅಲ್ಲ ಅತ್ತೆ, ಅದೂ ಒಂದು.”

“ಈಗ ಮೀನಿಗೋಸ್ಕರ ಇನ್ನೂ ಹಾಗೇ ಸೋರ್ಲಿ ಅಂತೀಯಾ?”

“ಇಲ್ಲ. ಜಾಯಿಂಟು ಬದಲಾಯಿಸ್ಲೇಬೇಕು, ಇಲ್ದಿದ್ರೆ ಒಡೆಯತ್ತೆ. ಬದಲಾಯಿಸಿದ್ರೆ ಅವು ಸಾಯ್ತವೆ.”

“ಸೋರೋದು ಬೇಡ, ನೀರು ಬೇಕು, ಅಷ್ಟೇ ತಾನೇ? ಹಾಗಂದ್ರೆ ಅವಕ್ಕೂ ಒಂದು ನಲ್ಲಿ ಹಾಕ್ಸು. ನಮ್ಮನೆಗೆ ಹಾಕಿಲ್ವಾ? ಅದಕ್ಯಾಕೆ ಇಷ್ಟು ಒದ್ದಾಡ್ತೀಯಾ?”

ನಾನು ಅತ್ತೆಯ ಮುಖವನ್ನೇ ನೋಡಿದೆ. ಇನ್ನೂ ಬೈಯುತ್ತಲೇ ಇದ್ದರು, ನನಗೆ ಕೇಳಿಸಲಿಲ್ಲ. ಇಪ್ಪತ್ತೊಂಬತ್ತು ವರ್ಷ ನಲ್ಲಿ ಹಾಕಿಸುವ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು, ಹೇಳಿದವರು ಇವರು.

ಮಾರ್ಚ್ 10, ಸೋಮವಾರ

ಕಚೇರಿಯ ತನಿಖಾ ನಮೂನೆಯಲ್ಲಿ ತುಂಬಿದ್ದು:

ದೂರುದಾರರ ಹೆಸರು: ಪತ್ತೆಯಾಗಿದೆ. ನಾನೇ.
ಆಪಾದಿತರ ಹೆಸರು: ನಾನೇ.
ಸ್ಥಳ ಪರಿಶೀಲನೆ: ಕೆಳಗೆ ಇಳಿದು ಮಾಡಲಾಗಿದೆ. ಸೋರಿಕೆ ಬಹಳ ಹಳೆಯದು. ಮಡುವಿನಲ್ಲಿ ಒರತೆ ಇಲ್ಲ, ಅಳೆದು ನೋಡಲಾಗಿದೆ.
ತೀರ್ಮಾನ: ದೂರು ಸಂಪೂರ್ಣ ನಿಜ. ಸೋಮಾರಿತನ ಸಾಬೀತಾಗಿದೆ. ಜಂಬ ಭಾಗಶಃ.
ಶಿಫಾರಸು: ಒಂದು, ಜಾಯಿಂಟು ಬದಲಾಯಿಸುವುದು. ಎರಡು, ಅದೇ ಜಾಗದಲ್ಲಿ ಮಡುವಿಗೆ ಬೆರಳು ಗಾತ್ರದ ಖಾಯಂ ನಲ್ಲಿ ಕೂರಿಸುವುದು. ಮೂರು, ಇನ್‌ಸ್ಪೆಕ್ಟರ್ ಮೇಲೆ ನಿಯಮದಂತೆ ಕ್ರಮ.

ಸಾಹೇಬರು ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

“ಏನ್ ಮೇಡಂ ಇದು, ತಮಾಷೆನಾ?”

“ಯಾರನ್ನೂ ಬಿಡ್ಬೇಡಿ ಅಂದಿದ್ರಲ್ಲ ಸರ್.”

ಅವರ ಮುಖ ಕೆಂಪಾಯಿತು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. “ನಿಮ್ಮ ಪುಸ್ತಕ ನಂಬಿ ನಾನು ಆ ಹುಡುಗಿನ ಸಭೆಯಲ್ಲಿ ಎಲ್ಲರ ಮುಂದೆ ಸುಳ್ಳಿ ಮಾಡ್ಬಿಟ್ಟೆನಲ್ಲ ಮೇಡಂ,” ಎಂದರು. ಆಗ ನಿಜವಾಗಿ ನಾಚಿಕೆಯಾಯಿತು. ಕಣ್ಣೆತ್ತಲಾಗಲಿಲ್ಲ.

ಸಂಜೆ ಆದೇಶ ಬಂತು. ನಲ್ಲಿಗೆ ಮೂರು ತಿಂಗಳ ಪ್ರಯೋಗದ ಒಪ್ಪಿಗೆ. ಜೂನ್ ಇಪ್ಪತ್ನಾಲ್ಕಕ್ಕೆ ಎಣಿಸಿದಾಗ ಮೀನು ಐವತ್ತೆಂಟಕ್ಕಿಂತ ಕಡಿಮೆ ಇರದಿದ್ದರೆ ಖಾಯಂ. ಕೆಲಸ ಮುಗಿಯುವವರೆಗೆ ಉಸ್ತುವಾರಿ ನನ್ನದೇ, ಆ ಕೊರಕಲು ಬಲ್ಲವರು ಬೇರಾರೂ ಇಲ್ಲವಂತೆ. ಮುಗಿದ ಮರುದಿನದಿಂದ ಅಮಾನತು. ಮುಂಗಡ ಕಾಯ್ದಿರಿಸಿದ ಅಮಾನತು ನಮ್ಮ ಕಚೇರಿಯಲ್ಲಿ ಇದೇ ಮೊದಲು.

ಹುಡುಗಿಗೆ ಐವತ್ತೇಳರ ವಿಷಯವನ್ನೂ ಹೇಳಿದೆ. ಮುಖ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ “ಇನ್ನೊಂದನ್ನ ಬಾಟ್ಲೀಲಿ ತಂದ್ರಾ?” ಎಂದು ಕೇಳಿದಳು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಆರರಿಂದ ಮಧ್ಯಾಹ್ನ ಮೂರೂವರೆ. ಬರೆಯಲು ಬೆರಳು ಮಡಚುತ್ತಿಲ್ಲ, ಆದರೂ ಬರೆಯುತ್ತೇನೆ.

ಕೊಳವೆ ಬಂದ್ ಆದರೆ ಅಷ್ಟು ಗಂಟೆ ಮಡುವಿಗೆ ನೀರೆಲ್ಲಿಂದ? ಸೋರಿಕೆಯದೇ ನೀರನ್ನು ಮೂರು ದಿನ ಮುಂಚಿನಿಂದ ಡ್ರಮ್ಮುಗಳಲ್ಲಿ ತುಂಬಿಟ್ಟೆವು. ಡ್ರಮ್ಮು ಕೊಟ್ಟದ್ದು ನಮ್ಮ ಬೀದಿ. ಅತ್ತೆ ಮನೆಮನೆಗೂ ಹೋಗಿ, “ರಿಪೇರಿ ಆದ್ರೆ ನೀರು ಬರತ್ತೆ, ಡ್ರಮ್ಮು ಕೊಟ್ರೆ ರಿಪೇರಿ ಆಗತ್ತೆ, ಹೆಚ್ಚು ಪ್ರಶ್ನೆ ಕೇಳ್ಬೇಡಿ,” ಎಂದು ಮೂವತ್ತು ಡ್ರಮ್ಮು ಗಿಟ್ಟಿಸಿಕೊಂಡು ಬಂದರು. ಒಂದೊಂದಕ್ಕೂ ಸಣ್ಣ ಟ್ಯೂಬು ಸಿಕ್ಕಿಸಿ, ಒಂದು ಮುಗಿದ ಕೂಡಲೇ ಇನ್ನೊಂದು.

ಹಳೆಯ ಬೋಲ್ಟು ತುಕ್ಕು ಹಿಡಿದು ಎರಡು ಗಂಟೆ ತಡವಾಯಿತು. ಒಂದೂವರೆಗೆ ಮೂರೇ ಡ್ರಮ್ಮು ಉಳಿದವು. ಮೇಲೆ ಸೇತುವೆಯ ಹತ್ತಿರ ಹಾರ್ನ್ ಕೇಳಿತು. ಸಾಮಾನು ತರಲು ಹೋಗಿದ್ದ ಗ್ಯಾಸ್ಕೆಟ್ ನಗುಮುಖದಿಂದ ಕೈ ಬೀಸುತ್ತಿದ್ದಾನೆ. “ಅಕ್ಕಾ, ಯೋಚ್ನೆ ಬೇಡ! ಟ್ಯಾಂಕರ್ ತಂದಿದ್ದೀನಿ!” ಉದ್ದ ಪೈಪು ಮಡುವಿನ ದಂಡೆಯವರೆಗೆ ಇಳಿದುಬಂತು. ಟ್ಯಾಂಕರ್ ಎಂದರೆ ಊರಿನ ನೀರು. ಕ್ಲೋರಿನ್!

“ಬಿಡ್ಬೇಡವೋ!” ಎಂದು ಕೂಗುವಷ್ಟರಲ್ಲಿ ಅವನು ತಿರುಗಿಸಿಯಾಗಿತ್ತು. ಪೈಪು ಮೇಲಿಂದ ಕೆಳಕ್ಕೆ ಉಬ್ಬುತ್ತಾ ಬಂತು. ನಾನು ಅದನ್ನು ಮಡಚಿ ಅದರ ಮೇಲೆ ಕೂತೆ. ಐವತ್ತೊಂಬತ್ತು ವರ್ಷದವಳು, ಮೈಯೆಲ್ಲ ಕೆಸರು, ನನ್ನಡಿಯಲ್ಲಿ ಪೈಪು ಒದ್ದಾಡುತ್ತಿದೆ, ನಾನು ಕೆಲಸ ನೋಡಲು ಬಂದಿದ್ದ ಸಾಹೇಬರೆದುರೇ ಗ್ಯಾಸ್ಕೆಟ್‌ನ ಜನ್ಮ ಜಾಲಾಡುತ್ತಿದ್ದೇನೆ. ಮೊದಲು ನಕ್ಕದ್ದು ಸಾಹೇಬರು. ಆಮೇಲೆ ಅವರೇ ಪ್ಯಾಂಟು ಮಡಚಿ, ಬಕೆಟ್ ಹಿಡಿದು, ಕಳಚಿದ ಕೊಳವೆಯ ಹೊಟ್ಟೆಯಲ್ಲಿ ನಿಂತಿದ್ದ ನೀರನ್ನು ಮೊಗೆದು ಮೊಗೆದು ಮಡುವಿಗೆ ತಂದರು. ಹುಡುಗಿ, ಕೂಲಿಯವರು, ಎಲ್ಲರೂ ಸಾಲು ನಿಂತರು.

ಮೂರೂವರೆಗೆ ಹೊಸ ಜಾಯಿಂಟು ಕೂತಿತು. ನಲ್ಲಿ ತಿರುಗಿಸಿದೆ. ಬೆರಳು ಗಾತ್ರದ ಧಾರೆ, ಒಂದೇ ಸಮ. ಎರಡು ನಿಮಿಷದಲ್ಲಿ ನಮ್ಮ ಮೀಸೆಯವರು ಒಬ್ಬೊಬ್ಬರಾಗಿ ಬಂದು ಅದರ ಕೆಳಗೆ ನಿಂತರು. ತುಂಬಾ ಖುಷಿಯಾಯಿತು.

ಮಾರ್ಚ್ 25, ಮಂಗಳವಾರ

ಅಮಾನತು. ಹತ್ತೂವರೆಗೆ ಕೈಗೆ ಬಂತು. ಒಂದು ಅಕ್ಷರವೂ ತಪ್ಪಿಲ್ಲ.

ಏಪ್ರಿಲ್ 13, ಭಾನುವಾರ

ನಮ್ಮ ನಲ್ಲಿಯಲ್ಲಿ ದಿನ ಬಿಟ್ಟು ದಿನ ಮುಕ್ಕಾಲು ಗಂಟೆ ನೀರು ಬರುತ್ತಿದೆ. ಬೀದಿಯವರು ಬಂದು ಅತ್ತೆಗೆ ಧನ್ಯವಾದ ಹೇಳಿ ಹೋಗುತ್ತಾರೆ, ನನ್ನ ಕಡೆ ನೋಡಿ “ಪಾಪ” ಎನ್ನುತ್ತಾರೆ. ಅತ್ತೆ ಇನ್ನೂ ಪೂರ್ತಿ ಕ್ಷಮಿಸಿಲ್ಲ. ಬಕೆಟ್ ತುಂಬುವ ಸದ್ದು ಕೇಳಿದಾಗಲೆಲ್ಲ “ಹದಿನೆಂಟು ವರ್ಷ!” ಎನ್ನುತ್ತಾರೆ.

ಮಂಡಿಗೆ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಬೆಳಿಗ್ಗೆ ಕೊರಕಲಿನ ಕಡೆ ನಡೆದು ಬರುತ್ತೇನೆ. ಮೆಟ್ಟಿಲ ಹಾಗೆ ನಾಲ್ಕೈದು ಕಲ್ಲು ಜೋಡಿಸಿದ್ದೇನೆ.

ಮೇ 8, ಗುರುವಾರ

ನಲ್ಲಿಯ ಬಾಯಿಗೆ ಎಲೆ ಸಿಕ್ಕಿ ಧಾರೆ ಸಣ್ಣಗಾಗಿತ್ತು. ಅಮಾನತಾದವರು ಇಲಾಖೆಯ ವಸ್ತು ಮುಟ್ಟುವಂತಿಲ್ಲ. ಎಲೆ ಇಲಾಖೆಯದಲ್ಲ, ಅದನ್ನು ಮಾತ್ರ ಮುಟ್ಟಿದೆ.

ಜೂನ್ 16, ಸೋಮವಾರ

ಸಾಹೇಬರು ಮನೆಗೇ ಬಂದಿದ್ದರು. “ಮೇಡಂ, ಇಪ್ಪತ್ನಾಲ್ಕಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ಅಧಿಕಾರಿ ಒಳ್ಳೆಯವರು. ನೀವೇ ಬಂದು ತಪ್ಪಾಯ್ತು ಅಂದ್ರೆ ಎಚ್ಚರಿಕೆ ಕೊಟ್ಟು ಬಿಟ್ಬಿಡ್ತಾರೆ, ಮಾತಾಡಿದ್ದೀನಿ. ಗೌರವದಿಂದ ನಿವೃತ್ತಿ ಆಗಬಹುದು. ಬರದೆ ಇದ್ರೆ ಮಾತ್ರ ಕಪ್ಪು ಚುಕ್ಕೆ ಹಾಗೇ ಉಳಿದುಬಿಡತ್ತೆ. ದಯವಿಟ್ಟು ಲೇಟ್ ಮಾಡ್ಬೇಡಿ.” ಅತ್ತೆ ಅವರಿಗೆ ಚಹಾ ಕೊಟ್ಟರು, ನನಗೂ ಕೊಟ್ಟರು. ಇದು ನಾಲ್ಕನೇ ಸಲ. ನನಗೆ ಕಪ್ಪು ಚುಕ್ಕೆ ಬೇಡ. ಇಪ್ಪತ್ತೊಂಬತ್ತು ವರ್ಷ ಬಿಸಿಲಲ್ಲಿ ನಡೆದಿದ್ದೇನೆ.

ಹುಡುಗಿ ಫೋನ್ ಮಾಡಿದ್ದಳು. ಜ್ವರ ಬಂದು ಊರಲ್ಲಿ ಮಲಗಿದ್ದಾಳೆ. “ಆಂಟಿ, ಇಪ್ಪತ್ನಾಲ್ಕರ ಎಣಿಕೆ ನೀವೇ ಮಾಡ್ತೀರಾ? ಬೆಳಿಗ್ಗೆ ಬಿಸಿಲು ಬಿದ್ದ ಕೂಡ್ಲೇ ಹೊರಗೆ ಬರ್ತವೆ. ಮಧ್ಯಾಹ್ನದೊಳಗೆ ಸಂಖ್ಯೆ ಕಳಿಸ್ಬೇಕು. ಮರಿಗಳನ್ನ ಎಣಿಸ್ಬೇಡಿ, ದೊಡ್ಡವು ಮಾತ್ರ.”

“ಎಂಟಕ್ಕೆ ಮುಗಿಸ್ತೀನಿ, ನೀನು ಗಂಜಿ ಕುಡಿದು ಮಲಕ್ಕೋ,” ಎಂದೆ.

ಜೂನ್ 24, ಮಂಗಳವಾರ

ಮೋಡ ಮುಸುಕಿ ಬಿಸಿಲು ಬೀಳುವಷ್ಟರಲ್ಲೇ ಒಂಬತ್ತಾಯಿತು. ನೀರಿಗೆ ಮುಖ ತಗುಲುವಷ್ಟು ಬಗ್ಗಿ ಎಣಿಸಿದೆ. ಅಂಚಿನಲ್ಲಿ ಮರಿಗಳು ಮುತ್ತಿಕೊಂಡಿವೆ, ಅಕ್ಕಿ ಕಾಳಿನಷ್ಟೂ ಇಲ್ಲ, ಅವಕ್ಕೂ ಆಗಲೇ ಮೀಸೆ! ದೊಡ್ಡವರು ಅರವತ್ತೊಂದು. ಚೀಟಿಯಲ್ಲಿ ಬರೆದುಕೊಂಡು ಹತ್ತಲು ಶುರುಮಾಡಿದಾಗ ಹತ್ತು ಗಂಟೆ.

ಅರ್ಧ ದಾರಿಯಲ್ಲಿ ಕಾಲು ನಿಂತಿತು. ಚಪ್ಪಟೆ ಕಲ್ಲಿನ ಹಿಂದೆ ಹೋದ ಮೀಸೆಯವನೂ ಈಚೆಯಿಂದ ಬಂದವನೂ ಒಬ್ಬನೇ ಆಗಿದ್ದರೆ? ಅರವತ್ತಾದರೂ ನಲ್ಲಿ ಖಾಯಂ, ಅರವತ್ತೊಂದಾದರೂ ಖಾಯಂ; ಯಾರು ಕೇಳುತ್ತಾರೆ? ಮೇಲೆ ಸೇತುವೆಯಿಂದ ಗ್ಯಾಸ್ಕೆಟ್ ಸೈಕಲ್ ಗಂಟೆ ಬಾರಿಸುತ್ತಾ “ಅಕ್ಕಾ, ಹನ್ನೊಂದಕ್ಕೆ ವಿಚಾರಣೆ! ಹತ್ತಿ ಬೇಗ!” ಎಂದು ಕೂಗುತ್ತಿದ್ದ.

ಮತ್ತೆ ಇಳಿದೆ. ಕೆಸರು ತಿಳಿಯಾಗುವವರೆಗೆ ಕಾಯಬೇಕಾಯಿತು.

ಕಚೇರಿ ಮುಟ್ಟಿದಾಗ ಹನ್ನೆರಡೂಕಾಲು. ಅಧಿಕಾರಿ ಮುಕ್ಕಾಲು ಗಂಟೆ ಕಾದು, “ಆಪಾದಿತರು ಗೈರುಹಾಜರು” ಎಂದು ಬರೆದು ಹೋಗಿದ್ದರು. ಸಾಹೇಬರು ನನ್ನ ಒದ್ದೆ ಬಟ್ಟೆ ನೋಡಿ, “ಎಲ್ಲಿದ್ರಿ ಮೇಡಂ?” ಎಂದರು. ಕಪ್ಪು ಚುಕ್ಕೆ ಉಳಿಯಿತು. ದುಃಖವಾಯಿತು, ಮನೆಗೆ ಬರುವ ದಾರಿಯಲ್ಲಿ ಎರಡು ಸಲ ನಿಂತು ಕಣ್ಣೊರೆಸಿಕೊಂಡೆ.

ಆದರೆ ಅರವತ್ತೊಂದಲ್ಲ, ಅರವತ್ತೇ ಇದ್ದದ್ದು. ಹುಡುಗಿಗೆ ಅಷ್ಟೇ ಕಳಿಸಿದೆ.